ಹಿಮದೂರಿನಲ್ಲಿ ಮನೆ ಹುಡುಕುವ ಮುನ್ನ

ಮಕ್ಕಳನ್ನು ಕಟ್ಟಿಕೊಂಡು ಊರು ಬದಲಿಸುವುದು ಎಲ್ಲಿಗಾದರೂ ಕಷ್ಟವೇ. ಜಯನಗರದಿಂದ ಯಲಹಂಕಕ್ಕೆ ಹೋಗುವಾಗಲೇ ಶಾಲೆ, ಡಾಕ್ಟರು, ಹಾಲು, ಮನೆಗೆಲಸ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಇನ್ನು ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ಸೀಮೆಗೆ ಹೊರಟವರ ಪಾಡು ಕೇಳಬೇಕೇ?

ನನ್ನ ಅಕ್ಕನ ಮಗಳು ಈಗ ಅದೇ ಚಿಂತೆಯಲ್ಲಿದ್ದಾಳೆ. ತೀರ್ಥಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಐದು ವರ್ಷದ ಮಗಳು, ಎರಡು ವರ್ಷದ ಮಗ. ಅಳಿಯನಿಗೆ ಅಮೆರಿಕದ ಬಫಲೋ ನಗರದಲ್ಲಿ ಕೆಲಸ. ಅದು ನ್ಯೂಯಾರ್ಕ್ ರಾಜ್ಯದಲ್ಲೇ ಇದ್ದರೂ ನಾವು ಸಿನಿಮಾದಲ್ಲಿ ನೋಡುವ ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಆರೇಳು ಗಂಟೆಯ ದಾರಿ. ಈರಿ ಸರೋವರದ ದಡದಲ್ಲಿ, ಕೆನಡಾ ಗಡಿಗೆ ತಾಗಿಕೊಂಡಿದೆ. ಪಕ್ಕದ ರಾಚೆಸ್ಟರಿನಲ್ಲಿ ನಾನು ಒಂಬತ್ತು ಚಳಿಗಾಲ ಕಳೆದವಳು, ಇಬ್ಬರು ಮಕ್ಕಳನ್ನು ಅಲ್ಲೇ ಬೆಳೆಸಿದವಳು. ಹಾಗಾಗಿ ವಾರಕ್ಕೆರಡು ಸಲ ನನಗೆ ಫೋನು.

ಅವರ ಮುಂದೆ ಎರಡು ಮನೆಗಳಿದ್ದವು. ಅಳಿಯನಿಗೆ ಹಿಡಿಸಿದ್ದು ಬಫಲೋದ ದಕ್ಷಿಣಕ್ಕೆ, ಆರ್ಚರ್ಡ್ ಪಾರ್ಕ್ ಊರಿನಿಂದ ಸ್ವಲ್ಪ ಹೊರಗಿರುವ ಸ್ವಂತ ಮನೆ. ದೊಡ್ಡ ಅಂಗಳ, ನೆಲಮಾಳಿಗೆ, ಎರಡು ಕಾರು ನಿಲ್ಲುವ ಗ್ಯಾರೇಜು. ಅವಳ ಮನಸ್ಸು ಹೋಗಿದ್ದು ಉತ್ತರದ ಆ್ಯಮ್‌ಹರ್ಸ್ಟ್‌ನಲ್ಲಿರುವ ಎರಡು ಕೋಣೆಯ ಬಾಡಿಗೆ ಫ್ಲಾಟಿನ ಕಡೆಗೆ. "ಬಾಡಿಗೆಗೆ ಸುರಿಯೋ ದುಡ್ಡನ್ನ ಸಾಲದ ಕಂತಿಗೆ ಕಟ್ಟಬಹುದಲ್ವಾ, ನೀವೇ ಹೇಳಿ ಚಿಕ್ಕಮ್ಮ" ಎಂದು ಅವನ ವಾದ. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಕೆಲಸದ ಮೇಲೆ ಅವನು ತಿಂಗಳಲ್ಲಿ ಒಂದು ವಾರ ಬೇರೆ ಊರಿನಲ್ಲಿರುತ್ತಾನೆ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಚಿಕ್ಕವನಿಗೆ ಥಂಡಿಯಾದರೆ ಉಬ್ಬಸ.

"ಚಿಕ್ಕಮ್ಮ, ಹಿಮಕ್ಕೆ ನಾನು ಹೆದರೋದಿಲ್ಲ. ನಮ್ಮೂರ ಮಳೆ ನೋಡಿದವಳು ನಾನು. ರಾತ್ರಿ ಹನ್ನೊಂದು ಗಂಟೆಗೆ ಇವನಿಗೆ ಉಸಿರು ಕಟ್ಟಿದರೆ ಯಾರ ಮನೆ ಬಾಗಿಲು ತಟ್ಟಲಿ ಅನ್ನೋದೇ ಹೆದರಿಕೆ" ಎಂದಳು. ಆ ಒಂದು ಮಾತು ಕೇಳಿದ ಮೇಲೆ ನಾನು ಇಬ್ಬರನ್ನೂ ಫೋನಿನ ಮುಂದೆ ಕೂರಿಸಿಕೊಂಡೆ. ಅಂದು ಆಡಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಿಂದಲೂ ಯಾರಾದರೂ ಅಂಥ ಸೀಮೆಗೆ ಹೊರಟಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಹಿಮ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಆಗುಂಬೆಯಲ್ಲಿ ಜಡಿಮಳೆ ಹೊಯ್ಯುವ ದಿನ ಶಿವಮೊಗ್ಗದಲ್ಲಿ ಬಿಸಿಲು ಕಾಯುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮಳೆಯನ್ನು ತಡೆದು ಸುರಿಸುವುದು ಘಟ್ಟ. ಬಫಲೋದಲ್ಲಿ ಆ ಕೆಲಸ ಸರೋವರದ್ದು. ಬೇಸಿಗೆಯಲ್ಲಿ ಕಾದ ಸರೋವರದ ನೀರು ನವೆಂಬರಿನಲ್ಲೂ ಸ್ವಲ್ಪ ಬೆಚ್ಚಗೇ ಇರುತ್ತದೆ. ಅದರ ಮೇಲೆ ಉತ್ತರದ ಕೊರೆಯುವ ಗಾಳಿ ಹಾಯುವಾಗ ತೇವವನ್ನು ಹೀರಿಕೊಂಡು ಮೋಡವಾಗಿ, ದಡ ಮುಟ್ಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ. ಈ ಹಿಮ ಸೀಮೆಯಿಡೀ ಹರಡಿಕೊಳ್ಳುವುದಿಲ್ಲ. ರಿಬ್ಬನ್ನಿನಂಥ ಕಿರಿದಾದ ಪಟ್ಟಿಯಾಗಿ ಬೀಳುತ್ತದೆ. ಗಾಳಿ ಯಾವ ದಿಕ್ಕಿಗೋ ಪಟ್ಟಿಯೂ ಆ ದಿಕ್ಕಿಗೆ.

2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಊರುಗಳಲ್ಲಿ ಐದು ಅಡಿಗೂ ಮಿಕ್ಕಿ ಹಿಮ ಬಿದ್ದಾಗ ಉತ್ತರದ ಬಡಾವಣೆಗಳಲ್ಲಿ ಬಿದ್ದದ್ದು ಕೆಲವೇ ಇಂಚು. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕಿನಲ್ಲಿ ಸುಮಾರು 80 ಇಂಚು, ಅಂದರೆ ಆರೂವರೆ ಅಡಿ ಬಿತ್ತು. ಆಗಲೂ ಉತ್ತರದವರು ಬಹುಪಾಲು ಪಾರಾದರು. ಎರಡೂ ಕಡೆಗೆ ನಡುವಿನ ದೂರ ಮೂವತ್ತು ಕಿಲೋಮೀಟರಿನ ಆಸುಪಾಸು. ಆದ್ದರಿಂದ "ಬಫಲೋದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 95 ಇಂಚು ಹಿಮ" ಎಂಬ ಒಂದೇ ಲೆಕ್ಕ ನೋಡಿ ಊರು ಆರಿಸಬಾರದು. ನೀವು ನೋಡಿದ ಬೀದಿಯಲ್ಲಿ ಹೇಗೆ ಎಂದು ಕೇಳಬೇಕು.

ಇದರಲ್ಲೂ ಒಂದು ಸೂಕ್ಷ್ಮವಿದೆ. ಈರಿ ಆಳವಿಲ್ಲದ ಸರೋವರ, ಸರಾಸರಿ 19 ಮೀಟರ್ ಅಷ್ಟೇ. ಚಳಿ ಜೋರಾದ ವರ್ಷ ಜನವರಿ, ಫೆಬ್ರುವರಿಯ ಹೊತ್ತಿಗೆ ಮೇಲೆ ಹೆಪ್ಪುಗಟ್ಟಿ ತೇವ ಏಳುವುದು ಕಡಿಮೆಯಾಗುತ್ತದೆ, ಹಿಮವೂ ಇಳಿಮುಖ. ನಾನಿದ್ದ ರಾಚೆಸ್ಟರ್ ಮತ್ತು ಅದರ ಪೂರ್ವದ ಸಿರಾಕ್ಯೂಸ್ ಆಂಟೇರಿಯೋ ಸರೋವರದ ಕಡೆಯವು. ಅದರ ಸರಾಸರಿ ಆಳ 86 ಮೀಟರ್. ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಹಾಗಾಗಿ ಸಿರಾಕ್ಯೂಸಿನಲ್ಲಿ ಚಳಿಗಾಲ ಮುಗಿಯುವವರೆಗೂ ಸುರಿಯುತ್ತಲೇ ಇರುತ್ತದೆ. ಬಫಲೋಗಿಂತ ಅಲ್ಲೇ ಹೆಚ್ಚು.

"ಹಾಗಾದರೆ ಉತ್ತರವೇ ಸೈ" ಎಂದು ಅಕ್ಕನ ಮಗಳು ಹಿಗ್ಗಿದಳು. ಅವಳನ್ನು ಅಲ್ಲೇ ತಡೆದೆ. 2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ ಬಂದ ಹಿಮಗಾಳಿ ಉತ್ತರ ದಕ್ಷಿಣ ಎಂದು ನೋಡಲಿಲ್ಲ. ಒಂದೂವರೆ ದಿನ ಕಣ್ಣೆದುರಿನ ಕೈ ಕಾಣದಂಥ ಗಾಳಿ. ಸಾವಿರಾರು ಮನೆಗಳಲ್ಲಿ ಕರೆಂಟಿಲ್ಲ. ಆಂಬುಲೆನ್ಸುಗಳೇ ಹಿಮದಲ್ಲಿ ಹೂತುಹೋದವು. ಆ ಭಾಗದಲ್ಲಿ ನಲವತ್ತಕ್ಕೂ ಹೆಚ್ಚು ಜನ ತೀರಿಹೋದರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬೆಚ್ಚಗಿಲ್ಲದ ತಮ್ಮ ಮನೆಗಳಲ್ಲೇ. ಕಡಿಮೆ ಹಿಮದ ಊರು ಆರಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ ಎಂದು ಇದರ ಅರ್ಥ. ಕೂಗಿದರೆ ಕೇಳುವಷ್ಟು ಹತ್ತಿರ ಮನೆಗಳಿವೆಯೇ? ಹೀಟರ್ ನಿಂತರೆ ಮೆಟ್ಟಿಲಿಳಿದು ಹೋಗಿ ಮಕ್ಕಳನ್ನು ಮಲಗಿಸಲು ಒಂದು ಜಾಗವಿದೆಯೇ? ಇವೇ ಮುಖ್ಯ ಪ್ರಶ್ನೆಗಳು. ಆ ಸ್ವಂತ ಮನೆಯ ಅಂಗಳ ದೊಡ್ಡದು, ನಿಜ. ಅಂಗಳ ದೊಡ್ಡದಾದಷ್ಟೂ ನೆರೆಮನೆ ದೂರ.

ಇನ್ನು ಹಿಮ ತೆಗೆಯುವವರು ಯಾರು? ರಸ್ತೆಯ ಹಿಮವನ್ನು ಸರ್ಕಾರಿ ನೇಗಿಲುಗಾಡಿಗಳು ಬಂದು ತಳ್ಳುತ್ತವೆ. ಮೊದಲು ಹೆದ್ದಾರಿ, ಆಮೇಲೆ ದೊಡ್ಡ ಬೀದಿ, ಕೊನೆಗೆ ಒಳಗಿನ ಗಲ್ಲಿ. ರಸ್ತೆಯಿಂದ ಗ್ಯಾರೇಜಿನವರೆಗಿನ ದಾರಿ ಮಾತ್ರ ಮನೆಯವರದು. ನೇಗಿಲುಗಾಡಿ ಹಾದುಹೋದಾಗ ನಿಮ್ಮ ದಾರಿಯ ಬಾಯಿಗೆ ಸೊಂಟದೆತ್ತರದ ಗಟ್ಟಿ ಗುಡ್ಡೆ ಬಿಟ್ಟುಹೋಗುವುದೂ ಉಂಟು. ಗಂಡ ಊರಲ್ಲಿಲ್ಲದ ವಾರ, ಎರಡು ವರ್ಷದವನನ್ನು ಒಳಗೆ ಬಿಟ್ಟು ಅವಳು ಸಲಿಕೆ ಹಿಡಿಯಬೇಕು. ಹಣ ಕೊಟ್ಟು ಆಳು ಗೊತ್ತುಮಾಡಬಹುದು. ಹಾಗಾದರೆ ಆ ಖರ್ಚನ್ನೂ ಕಂತಿನ ಪಕ್ಕ ಬರೆದುಕೊಳ್ಳಬೇಕು ಎಂದು ಅಳಿಯನಿಗೆ ಹೇಳಿದೆ. ಫ್ಲಾಟುಗಳಲ್ಲಿ ಸಾಮಾನ್ಯವಾಗಿ ಮಾಲೀಕರ ಕಡೆಯವರೇ ತೆಗೆಸುತ್ತಾರೆ. ಅದನ್ನು ಕರಾರಿನಲ್ಲಿ ಬರೆಸಿಕೊಂಡರೆ ಒಳ್ಳೆಯದು.

ಶಾಲೆಯ ವಿಷಯಕ್ಕೆ ಬಂದರೆ, ಅಲ್ಲಿ ಸರ್ಕಾರಿ ಶಾಲೆ ನಿಮ್ಮ ವಿಳಾಸದ ಮೇಲೆ ನಿಲ್ಲುತ್ತದೆ. ಊರಿನ ಗಡಿಯೇ ಬೇರೆ, ಶಾಲಾ ವಲಯದ ಗಡಿಯೇ ಬೇರೆ. ಆ್ಯಮ್‌ಹರ್ಸ್ಟ್ ಒಂದರಲ್ಲೇ ವಿಲಿಯಮ್ಸ್‌ವಿಲ್, ಸ್ವೀಟ್ ಹೋಮ್, ಆ್ಯಮ್‌ಹರ್ಸ್ಟ್ ಸೆಂಟ್ರಲ್ ಎಂದು ಬೇರೆ ಬೇರೆ ವಲಯಗಳಿವೆ. ಬೀದಿಯ ಈಚೆ ಒಂದು, ಆಚೆ ಇನ್ನೊಂದು ಆಗಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಡಿಸೆಂಬರ್ 1ರೊಳಗೆ ಐದು ತುಂಬುವ ಮಗು ಆ ಸೆಪ್ಟೆಂಬರಿನಲ್ಲಿ ಕಿಂಡರ್‌ಗಾರ್ಟನ್ ಸೇರಬಹುದು. ಶಾಲೆಯಿಂದ ಎಷ್ಟು ದೂರದವರಿಗೆ ಬಸ್ಸು, ಬಸ್ಸು ಮನೆ ಬಾಗಿಲಿಗೇ ಬರುತ್ತದೋ ಮೂಲೆಯವರೆಗೆ ನಡೆಯಬೇಕೋ ಎಂದು ಮೊದಲೇ ಕೇಳಿ. ಡಿಸೆಂಬರಿನಲ್ಲಿ ಬೆಳಗಾಗುವುದು ಏಳೂವರೆಯ ಮೇಲೆ, ಸಂಜೆ ಐದಕ್ಕೆ ಮೊದಲೇ ಕತ್ತಲು. ನಮ್ಮಲ್ಲಿ ಮಳೆಗೆ ರಜೆ ಕೊಡುವ ಹಾಗೆ ಅಲ್ಲಿ ಹಿಮಕ್ಕೆ ರಜೆ. ಎಷ್ಟೋ ಸಲ ತಿಳಿಯುವುದು ಬೆಳಗಿನ ಜಾವಕ್ಕೇ.

ಮಕ್ಕಳ ತಾಯಿಯ ವಿಷಯವನ್ನು ಊರು ಆರಿಸುವಾಗ ಯಾರೂ ಕೇಳುವುದಿಲ್ಲ. ಗಂಡನಿಗೆ ಆಫೀಸು, ಮಗಳಿಗೆ ಶಾಲೆ. ಹಗಲಿಡೀ ಚಿಕ್ಕವನ ಜೊತೆ ನಾಲ್ಕು ಗೋಡೆಯೊಳಗೆ ಇರುವವಳು ಅವಳು. ಚಳಿಗಾಲದಲ್ಲಿ ಆ ಕಡೆ ವಾರಗಟ್ಟಲೆ ಮೋಡ, ಸೂರ್ಯನೇ ಕಾಣುವುದಿಲ್ಲ. ಮನಸ್ಸು ಕುಗ್ಗುತ್ತದೆ. ನನ್ನನ್ನು ಆ ಒಂಬತ್ತು ವರ್ಷ ಕಾಪಾಡಿದ್ದು ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಲೈಬ್ರರಿ. ಚಿಕ್ಕ ಮಕ್ಕಳಿಗೆ ಅಲ್ಲಿ ಕತೆ ಓದುತ್ತಿದ್ದರು, ತಾಯಂದಿರಿಗೆ ಮಾತಿಗೆ ಜನ ಸಿಗುತ್ತಿದ್ದರು. ಎಲ್ಲವೂ ಬಿಟ್ಟಿ. ಆದ್ದರಿಂದ ಅವಳಿಗೆ ಹೇಳಿದೆ: "ನಕಾಶೆಯಲ್ಲಿ ಮೊದಲು ಲೈಬ್ರರಿ ಹುಡುಕು, ಆಮೇಲೆ ಮನೆ. ಅಲ್ಲಿಗೆ ಕಾಲುದಾರಿ ಇದೆಯೇ, ಅದರ ಹಿಮವನ್ನು ಯಾರಾದರೂ ತೆಗೆಯುತ್ತಾರೆಯೇ ನೋಡು. ಎರಡಡಿ ಹಿಮದಲ್ಲಿ ಮಗುವಿನ ಗಾಡಿ ತಳ್ಳಲಾಗದು."

ದಕ್ಷಿಣದ ಊರುಗಳಲ್ಲಿ ಬದುಕಲಾಗದು ಎಂದು ನಾನು ಹೇಳುತ್ತಿಲ್ಲ. ಅಲ್ಲಿನವರು ಹಿಮಕ್ಕೆ ಒಗ್ಗಿದವರು. ಆರ್ಚರ್ಡ್ ಪಾರ್ಕಿನ ಚೆಸ್ಟ್‌ನಟ್ ರಿಡ್ಜ್ ಪಾರ್ಕಿನ ಗುಡ್ಡದಲ್ಲಿ ಜಾರುಬಂಡಿ ಆಡುವ ಮಕ್ಕಳ ಕೇಕೆ ಕೇಳಿದರೆ ಯಾರಿಗಾದರೂ ಅಲ್ಲೇ ಇರಬೇಕೆನಿಸುತ್ತದೆ. ಕಾರು ಓಡಿಸಲು ಬರುವ, ದಂಪತಿಗಳಿಬ್ಬರೂ ಮನೆಯಲ್ಲಿರುವ ಸಂಸಾರಕ್ಕೆ ಅದು ಒಳ್ಳೆಯ ಊರೇ. ಪ್ರಶ್ನೆ ಇರುವುದು ಈ ಸಂಸಾರಕ್ಕೆ, ಈ ಮೊದಲ ಚಳಿಗಾಲಕ್ಕೆ ಯಾವುದು ಎಂಬುದು.

ಅಳಿಯ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಫೋನು ಮಾಡಿದ. "ಒಂದು ವರ್ಷ ಬಾಡಿಗೆ ಮನೆ, ಚಿಕ್ಕಮ್ಮ. ಅಷ್ಟರಲ್ಲಿ ಇವಳು ಡ್ರೈವಿಂಗ್ ಕಲೀಲಿ. ಒಂದು ಚಳಿಗಾಲ ನೋಡಿ ಆಮೇಲೆ ಮನೆ ಕೊಳ್ಳೋಣ" ಎಂದ. ಆ್ಯಮ್‌ಹರ್ಸ್ಟಿನ ದಕ್ಷಿಣ ತುದಿಯಲ್ಲಿ, ಲೈಬ್ರರಿಗೆ ನಡೆದು ಹೋಗುವಷ್ಟು ಹತ್ತಿರ ಫ್ಲಾಟು ಗೊತ್ತಾಗಿದೆ. ಅಲ್ಲಿಂದ ವಿಶ್ವವಿದ್ಯಾಲಯದ ಮೆಟ್ರೊ ನಿಲ್ದಾಣವೂ ಹತ್ತಿರ. ನಗರದ ಮಧ್ಯಕ್ಕೆ ಹೋಗುವ ಆ ರೈಲು ಹೆಚ್ಚಿನ ದಾರಿಯನ್ನು ಸುರಂಗದಲ್ಲೇ ಸಾಗುತ್ತದೆ, ಹಿಮದ ಕಾಟ ಕಡಿಮೆ. ಜುಲೈಯಲ್ಲೇ ಹೊರಡುತ್ತಾರೆ. ಹಿಮ ಬೀಳುವ ಮೊದಲು ನಾಲ್ಕು ತಿಂಗಳು ಸಿಕ್ಕರೆ ಬೀದಿ, ಡಾಕ್ಟರು, ನೆರೆಹೊರೆ ಎಲ್ಲ ಪರಿಚಯವಾಗುತ್ತದೆ.

ಹೊರಡುವವರು ಇದಿಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

• ಮನೆ ಬೆಚ್ಚಗಿಡುವುದು ಗ್ಯಾಸೋ, ಕರೆಂಟೋ? ಹೋದ ಜನವರಿಯ ಬಿಲ್ಲು ಎಷ್ಟು ಬಂದಿತ್ತು?

• ಹೀಟರಿನ ಹೊಗೆ ಕೊಳವೆ ಗೋಡೆಯಿಂದ ಹೊರಬರುವ ಜಾಗ ಯಾವುದು? ಅದು ಹಿಮದಲ್ಲಿ ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ಮನೆಯೊಳಗೆ ತುಂಬಬಹುದು. ಎಚ್ಚರಿಸುವ ಅಲಾರಂ ಮನೆಯಲ್ಲಿರಬೇಕೆಂದು ನ್ಯೂಯಾರ್ಕಿನಲ್ಲಿ 2010ರಿಂದ ಕಾನೂನೇ ಇದೆ. ಅದು ಕೆಲಸ ಮಾಡುತ್ತದೆಯೇ ಎಂದು ಒತ್ತಿ ನೋಡಿ.

• ಮಕ್ಕಳ ಡಾಕ್ಟರು, ರಾತ್ರಿ ತೆರೆದಿರುವ ಆಸ್ಪತ್ರೆ ಎಷ್ಟು ದೂರ? ಉಬ್ಬಸದ ಔಷಧಿ ಯಾವಾಗಲೂ ಒಂದು ಹೆಚ್ಚಿಗೆ ಇರಲಿ.

• ಮಲೆನಾಡಿನ ಅಜ್ಜಿಯರು ಮಳೆಗಾಲಕ್ಕೆ ಕೂಡಿಡುತ್ತಿದ್ದ ಹಾಗೆ ಒಂದು ವಾರದ ಅಕ್ಕಿ, ಬೇಳೆ, ಹಾಲಿನ ಪುಡಿ, ಕುಡಿಯುವ ನೀರು, ಟಾರ್ಚು ನವೆಂಬರಿಗೇ ಸಿದ್ಧವಿರಲಿ.

• ಕಾರಿನ ಮಗುವಿನ ಸೀಟಿನಲ್ಲಿ ದಪ್ಪ ಜಾಕೆಟ್ ಹಾಕಿ ಬೆಲ್ಟು ಕಟ್ಟಬೇಡಿ. ಬೆಲ್ಟು ಬಿಗಿಯಾದಂತೆ ಕಂಡರೂ ಒಳಗೆ ಸಡಿಲವಿರುತ್ತದೆ. ಬೆಲ್ಟು ಕಟ್ಟಿದ ಮೇಲೆ ಜಾಕೆಟನ್ನು ಮೇಲಿನಿಂದ ಹೊದಿಸಿ.

ಮೊನ್ನೆ ಪುಟ್ಟಿ ಫೋನು ಕಸಿದುಕೊಂಡು, "ಚಿಕ್ಕಜ್ಜಿ, ಹಿಮ ಬೀಳುವಾಗ ಮಳೆ ಥರ ಸದ್ದು ಬರುತ್ತಾ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. "ಹಾಗಾದ್ರೆ ಬಿದ್ದಿದ್ದು ಹೇಗೆ ಗೊತ್ತಾಗುತ್ತೆ?" ಬೆಳಿಗ್ಗೆ ಎದ್ದು ಕಿಟಕಿ ಪರದೆ ಸರಿಸಿ ನೋಡಬೇಕು ಎಂದೆ. ಆ ಕೆಲಸ ತನ್ನದೇ, ತಮ್ಮನಿಗೆ ಕೊಡುವುದಿಲ್ಲ ಎಂದು ಈಗಲೇ ಗೊತ್ತುಮಾಡಿಕೊಂಡಿದ್ದಾಳೆ. ಅವಳಿಗೆ ಯಾವ ಬಟ್ಟೆ ಇಲ್ಲಿಂದ ಒಯ್ಯಬೇಕು, ಯಾವುದನ್ನು ಅಲ್ಲೇ ಕೊಳ್ಳಬೇಕು ಎಂಬುದನ್ನು ಮುಂದಿನ ವಾರ ಬರೆಯುತ್ತೇನೆ.