ಸಂದರ್ಶನದ ಕರೆ

ಉದ್ಯೋಗದಲ್ಲಿರುವವನು ಮತ್ತೊಂದು ಉದ್ಯೋಗವನ್ನು ಅರಸುವುದು ತಪ್ಪಲ್ಲ. ಏಳಿಗೆಯ ಹಂಬಲ ಮನುಷ್ಯನಿಗೆ ಸಹಜವಾದುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. 2022ರಲ್ಲಿ, ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವಿದೆಯೆಂಬ ಮಾತನ್ನು ನಂಬಿ ಹೋದ ಅನೇಕ ಭಾರತೀಯ ತರುಣರು ಮ್ಯಾನ್ಮಾರ್‌ನಲ್ಲಿ ವಂಚಕರ ಸೆರೆಯಾಳುಗಳಾದರು. ಆದುದರಿಂದ ಸಂಶಯಾಸ್ಪದವಾದ ಕರೆ ಬಂದಾಗ, ಹೋಗುವುದಕ್ಕೆ ಮುನ್ನ ವಿಚಾರಿಸುವುದೇ ವಿವೇಕ. ಕರೆದವರು ಯಾರು? ಕೆಲಸವೇನು? ವಿದೇಶಕ್ಕೆ ಕಳುಹಿಸುವವರಾದರೆ 1983ರ ವಲಸೆ ಕಾಯಿದೆಯಂತೆ ನೋಂದಣಿ ಪಡೆದಿರುವರೇ? ಸಂಬಳ ಕೊಡಬೇಕಾದವರೇ ಮುಂಗಡವಾಗಿ ಹಣ ಕೇಳಿದರೆ ಅತ್ತ ಹೆಜ್ಜೆಯಿಡಬಾರದು. ಸಮಾಧಾನಕರವಾದ ಉತ್ತರ ದೊರೆತರೆ ರಜೆ ಪಡೆದು ಹೋಗಿಬರಲಿ. ನೇಮಕದ ಆದೇಶ ಕೈಸೇರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡದಿರಲಿ. ಕೈಯಲ್ಲಿ ಕೆಲಸವಿರುವವನಿಗೆ ಒಂದು ದೊಡ್ಡ ಬಲವುಂಟು: ಅವನು ಅವಸರಪಡಬೇಕಾಗಿಲ್ಲ; ‘ಬೇಡ’ ಎನ್ನಬಲ್ಲನು. ವಿದ್ಯಾರ್ಥಿಗಳೇ, ಆ ಬಲವನ್ನು ಆಸೆಗೆ ಮಾರಿಕೊಳ್ಳಬಾರದು.