ಕಾಲಿಡುವ ಜಾಗದ ಕೆಳಗೂ ಒಮ್ಮೆ ನೋಡಿ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನದಲ್ಲಿ ಹೋಗಿದ್ದೀರಾ? 2023ರ ಆಗಸ್ಟ್ 31ರಂದು ಆ ಊರಿಗೆ ಮೊದಲ ಸಲ ಪ್ರಯಾಣಿಕರನ್ನು ಕರೆತಂದದ್ದೂ ಅಂಥದ್ದೇ ವಿಮಾನ. ಅದರ ಹಿಂದಿನ ಬಾಗಿಲೇ ಕೆಳಗಿಳಿದು ಮೆಟ್ಟಿಲಾಗುತ್ತೆ. ನಾವು ರೆಕ್ಕೆ ಕಾಣೋ ಹಾಗೆ ಸೆಲ್ಫಿ ತಗೋತೀವಿ, ಮೆಟ್ಟಿಲನ್ನ ಮಾತ್ರ ಯಾರೂ ನೋಡಲ್ಲ. ಶೂ ಮಣ್ಣು, ಮಳೆ ನೀರು, ಟ್ರಾಲಿ ಬ್ಯಾಗಿನ ಏಟು ಎಲ್ಲಾ ಬೀಳೋದು ಅದರ ಮೇಲೇ.

ಇನ್ನೂ ಸಣ್ಣ ವಿಮಾನಗಳಲ್ಲಿ ಈ ಮೆಟ್ಟಿಲಿನ ಕಥೆ ಗಂಭೀರ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿರುವಂಥ ಸೆಸ್ನಾ 172 ನಾಲ್ಕು ಸೀಟಿನ ವಿಮಾನ. 1956ರಿಂದ ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಇದರಲ್ಲಿ ಹತ್ತೋಕೆ ಇರೋದು ಅಂಗೈಯಗಲದ ಒಂದು ಮೆಟ್ಟಿಲು. ಅದನ್ನ ಕೂರಿಸಿರೋದು ಚಕ್ರದ ಕಾಲಿಗೆ. ಆ ಕಾಲು ಸ್ಪ್ರಿಂಗ್ ಸ್ಟೀಲಿನದ್ದು, ಪ್ರತಿ ಲ್ಯಾಂಡಿಂಗ್‌ನಲ್ಲೂ ಬಾಗಿ ಮತ್ತೆ ನೆಟ್ಟಗಾಗುತ್ತೆ.

ಈಗ ನೋಡಿ. ಶೂಗೆ ಅಂಟಿದ ಮರಳು ಮೆಟ್ಟಿಲಿನ ಅಂಚಿನ ಬಣ್ಣ ಉಜ್ಜುತ್ತೆ. ಜಾರದಿರಲಿ ಅಂತ ಮರಳು ಕಾಗದದಂಥ ಕಪ್ಪು ಟೇಪ್ ಅಂಟಿಸಿರ್ತಾರೆ. ಟೇಪಿನ ಅಂಚು ಎದ್ದರೆ ನೀರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಮೆಟ್ಟಿಲಿಗೂ ಕಾಲಿಗೂ ನಡುವಿನ ಸಂದಿಯಲ್ಲೂ ಹಾಗೇ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಬಣ್ಣವನ್ನ ಒಳಗಿಂದಲೇ ಎಬ್ಬಿಸಿ ಇನ್ನಷ್ಟು ನೀರಿಗೆ ದಾರಿ ಮಾಡುತ್ತೆ. ಕೆಳಗೆ ಸೂಜಿಮೊನೆಯಷ್ಟು ಗುಂಡಿ ಬಿದ್ದರೂ ಸಾಕು, ಕಾಲು ಬಾಗಿದಾಗಲೆಲ್ಲ ಒತ್ತಡ ಅಲ್ಲೇ ಸೇರಿ ಬಿರುಕು ಶುರುವಾಗುತ್ತೆ. ಮೆಟ್ಟಿಲಿನ ತುಕ್ಕು ಅಂತ ಅಸಡ್ಡೆ ಮಾಡಿದ್ದು ಚಕ್ರದ ಕಾಲನ್ನೇ ಮುರಿಯಬಹುದು.

ಅಂದರೆ ನಮ್ಮನ್ನ ಜಾರದಂತೆ ಕಾಪಾಡೋ ಪಟ್ಟಿಯೇ ತುಕ್ಕನ್ನೂ ಮುಚ್ಚಿ ಕಾಪಾಡುತ್ತೆ. ಇದಕ್ಕೆ ವಿಮಾನವೇ ಬೇಕಿಲ್ಲ.

ನಮ್ಮೂರು ಹೊನ್ನವಳ್ಳಿ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗೋದು ಅಟ್ಟದ ಮೇಲೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನೋ ತನಕ ಕಾಯಿ ತಿಂಗಳುಗಟ್ಟಲೆ ಅಲ್ಲೇ ಇರುತ್ತೆ. ಅದನ್ನ ಹತ್ತಿಸೋದು, ಇಳಿಸೋದು ಕಬ್ಬಿಣದ ಏಣಿ ಮೇಲೆ. ನಮ್ಮಪ್ಪ ಮಳೆಗಾಲದಲ್ಲಿ ಕಾಲು ಜಾರುತ್ತೆ ಅಂತ ಕೆಳಗಿನ ಮೂರು ಮೆಟ್ಟಿಲಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ಹೋದ ಸಲ ಊರಿಗೆ ಹೋದಾಗ, ಬಿಚ್ಚಿ ನೋಡೋಣ ಅಂದೆ.

"ಹತ್ತು ವರ್ಷದಿಂದ ಹತ್ತಿ ಇಳೀತಿದೀನಿ, ಏನಾಗೈತೆ? ಬುಡಪ್ಪ" ಅಂದರು.

ಟ್ಯೂಬ್ ಕೊಯ್ದೆ. ಎರಡನೇ ಮೆಟ್ಟಿಲಿನ ಪೈಪು ಕೆಳಭಾಗದಲ್ಲಿ ಹಪ್ಪಳದ ಹಾಗೆ ಉದುರಿತು. ಅಪ್ಪನಿಗೆ ಅರವತ್ತೈದು. ತಲೆ ಮೇಲೆ ಮಂಕರಿ ಇಟ್ಟುಕೊಂಡೇ ಇಳಿಯೋರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಏಣಿಗೆ ಮಾಡಬೇಕಾದ್ದು ಇಷ್ಟು. ಸುತ್ತಿರೋದನ್ನೆಲ್ಲ ಬಿಚ್ಚಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಅನ್ನದೆ ಮಂದವಾಗಿ ಸದ್ದಾದರೆ, ತಗ್ಗಿದರೆ, ಬಣ್ಣದಿಂದ ಪ್ರಯೋಜನವಿಲ್ಲ. ಆ ಮೆಟ್ಟಿಲು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ. ಗಟ್ಟಿ ಇದ್ದರೆ ಲೋಹ ಹೊಳೆಯೋವರೆಗೆ ತಂತಿ ಬ್ರಷ್ ಉಜ್ಜಿ, ಅವತ್ತೇ ಜಿಂಕ್ ಪ್ರೈಮರ್ ಹೊಡೆಯಿರಿ. ರಾತ್ರಿಯ ತೇವಕ್ಕೇ ಮತ್ತೆ ತುಕ್ಕು ಹಿಡಿಯುತ್ತೆ. ಆಮೇಲೆ ಎರಡು ಕೋಟ್ ಎನಾಮೆಲ್, ಮೆಟ್ಟಿಲಿನ ಅಡಿಭಾಗಕ್ಕೂ. ಹಿಡಿತಕ್ಕೆ ಟ್ಯೂಬ್ ಬೇಡ. ಮೇಲಿನ ಕೋಟ್ ಹಸಿ ಇರುವಾಗ ಜರಡಿ ಹಿಡಿದ ಒಣ ಮರಳು ಉದುರಿಸಿ, ಕಾಲೂ ಜಾರಲ್ಲ, ನೀರೂ ನಿಲ್ಲಲ್ಲ. ಏಣಿಯ ಬುಡ ನೆಲದ ತೇವಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿ.

ವಿಮಾನದ ಮೆಟ್ಟಿಲಿಗೆ ನಿಯಮ ಬೇರೆ. ಅಲ್ಲಿ ಕೈ ಹಾಕೋದು ಲೈಸೆನ್ಸ್ ಇರುವ ಎಂಜಿನಿಯರ್, ತಯಾರಕರ ಕೈಪಿಡಿ ನೋಡಿಕೊಂಡು. ಸ್ಪ್ರಿಂಗ್ ಸ್ಟೀಲಿಗೆ ಆಸಿಡ್ ಹಾಕಿ ತುಕ್ಕು ತೆಗೆಯೋ ಹಾಗಿಲ್ಲ, ಹೈಡ್ರೋಜನ್ ಒಳಸೇರಿ ಸ್ಟೀಲು ಪೆಡಸಾಗುತ್ತೆ. ಅಲ್ಯುಮಿನಿಯಂ ಮೇಲೆ ಕಬ್ಬಿಣದ ಬ್ರಷ್ ಉಜ್ಜೋ ಹಾಗಿಲ್ಲ, ಅಲ್ಲುಳಿದ ಕಬ್ಬಿಣದ ಕಣಗಳೇ ಹೊಸ ತುಕ್ಕಿಗೆ ಬೀಜ. ಉಳಿದ ಕೆಲಸ ಅದೇ: ತೊಳೆದು ಒಣಗಿಸೋದು, ಅಂಚೆದ್ದ ಟೇಪ್ ಕಿತ್ತು ಕೆಳಗೆ ನೋಡೋದು, ಕೆರೆದ ಬಣ್ಣವನ್ನ ಕೂಡಲೇ ಸರಿಮಾಡೋದು.

ಆಫೀಸಿನಲ್ಲಿ ನಾವು ಹಳೇ ಕೋಡ್ ಬಗ್ಗೆ "ಓಡ್ತಾ ಇದೆಯಲ್ಲ, ಮುಟ್ಟಬೇಡ" ಅಂತೀವಿ. ಏಣಿ ವಿಷಯದಲ್ಲಿ ಆ ಮಾತು ನಡೆಯಲ್ಲ. ಈ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಏಣಿ, ನೀರಿನ ಟ್ಯಾಂಕಿನ ಏಣಿ, ಟ್ರ್ಯಾಕ್ಟರ್ ಹತ್ತೋ ಮೆಟ್ಟಿಲು, ಮೂರನ್ನೂ ನೋಡಿ ಬನ್ನಿ. ಅರ್ಧ ಗಂಟೆ ಕೆಲಸ. ಒಂದು ಬ್ಲೇಡು, ಒಂದು ಸುತ್ತಿಗೆ ಸಾಕು.