ಆನಂದ್ ಒಬ್ಬರೇ, ಸಾಲು ನಿಂತ ಮಕ್ಕಳು ಸಾವಿರ

ವಿ.ಸಿ. ಫಾರಂ ಗೇಟಿನ ಮುಂದೆ ಸಂಜೆ ಬಸ್ಸಿಗೆ ಕಾಯುವವರಿಗೆ ಮಾತಿಗೇನು ಬರವೇ? ಕಬ್ಬಿನ ಬಾಕಿ, ನಾಲೆ ನೀರು, ಬಾರದ ಬಸ್ಸು, ಎಲ್ಲ ಮುಗಿದ ಮೇಲೆ ಮಾತು ಟಿ.ವಿ.ಗೆ ಬಂದು ನಿಲ್ಲುತ್ತದೆ. ಅಂಗಡಿ ಬೆಂಚಿನ ಮೇಲೆ ಕೂತ ರೈತರೊಬ್ಬರು, “ನಮ್ಮೈದನ್ನೂ ಆಡಿಷನ್‌ಗೆ ಕರ್ಕಂಡೋಯ್ತೀನಿ ಕಣಣ್ಣ, ಡೈಲಾಗ್ ಚೆನ್ನಾಗಿ ಹೊಡೀತಾನೆ” ಅನ್ನುತ್ತಾರೆ. ಅಂಗಡಿಯವರು ಚಿಲ್ಲರೆ ಎಣಿಸುತ್ತಲೇ, “ಓದೋ ಮಗೀನ ಅದ್ಯಾಕ್ಲಾ ಅಲ್ಗೆ ಎಳ್ಕಂಡೋಯ್ತೀಯ?” ಎಂದರೆ ಉತ್ತರ ರೆಡಿ ಇರುತ್ತದೆ: “ಮಾಸ್ಟರ್ ಆನಂದ್ ಮ್ಯಾಲಕ್ಕೆ ಬರ್ನಿಲ್ವಾ?”

ಬಂದರು, ನಿಜ. ಆದರೆ ಹೇಗೆ ಬಂದರು ಅನ್ನೋದನ್ನು ವಸಿ ನಿಧಾನವಾಗಿ ನೋಡಬೇಕು.

1989ರ ‘ಕಿಂದರಿಜೋಗಿ’, 1990ರ ‘ಮುತ್ತಿನ ಹಾರ’, 1991ರ ‘ಗೌರಿ ಗಣೇಶ’. ಈ ಚಿತ್ರಗಳನ್ನು ಟೆಂಟಿನಲ್ಲಿ ನೋಡಿದವರು ಜಿಲ್ಲೆಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಫಣಿ ರಾಮಚಂದ್ರ ನಿರ್ದೇಶಿಸಿದ ‘ಗೌರಿ ಗಣೇಶ’ದಲ್ಲಿ ಅನಂತನಾಗ್ ಅಂಥ ನಟನ ಎದುರಿಗೆ ನಿಂತು, ಅವರ ಬುಡವನ್ನೇ ಅಲ್ಲಾಡಿಸುವ ಪೋರನ ಪಾತ್ರ ಈ ಹುಡುಗನದು. ಜನ ಬಿದ್ದು ಬಿದ್ದು ನಕ್ಕರು. ಹೆಸರಿನ ಹಿಂದೆ ‘ಮಾಸ್ಟರ್’ ಅಂತ ಅಂಟಿದ್ದು ಆಗಲೇ. ಸಿನಿಮಾದವರು ಗಂಡು ಮಗುವಿಗೆ ಮಾಸ್ಟರ್, ಹೆಣ್ಣು ಮಗುವಿಗೆ ಬೇಬಿ ಅನ್ನುವುದು ವಾಡಿಕೆ. ಮೀಸೆ ಬಂದರೂ, ಮದುವೆಯಾಗಿ ಮಕ್ಕಳಾದರೂ ಆ ‘ಮಾಸ್ಟರ್’ ಬಿಟ್ಟು ಹೋಗಲಿಲ್ಲ. ಬಿಟ್ಟರೆ ಜನಕ್ಕೆ ಗುರುತು ಹತ್ತಬೇಕಲ್ಲ!

ಬಾಲನಟರ ಕಷ್ಟ ಶುರುವಾಗೋದೇ ದನಿ ಒಡೆದ ಮೇಲೆ. ಮಗುವಿನ ಪಾತ್ರಕ್ಕೆ ದೊಡ್ಡವನು, ನಾಯಕನ ಪಾತ್ರಕ್ಕೆ ಚಿಕ್ಕವನು. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ದೇಶಕ್ಕೆಲ್ಲ ಗೊತ್ತಾದ ಮಾಸ್ಟರ್ ಮಂಜುನಾಥ್ ಅಭಿನಯದ ಸಹವಾಸ ಬಿಟ್ಟು ಓದು, ಉದ್ಯೋಗ ಅಂತ ಬೇರೆ ದಾರಿ ಹಿಡಿದರು. ಆನಂದ್ ಬಿಡಲಿಲ್ಲ, ಕಿರುತೆರೆಗೆ ಬಂದರು. ‘ಎಸ್ಸೆಸ್ಸೆಲ್ಸಿ ನನ್ ಮಕ್ಳು’, ‘ರೋಬೋ ಫ್ಯಾಮಿಲಿ’ ಅಂತ ಹಾಸ್ಯ ಧಾರಾವಾಹಿಗಳಲ್ಲಿ ದುಡಿದರು. 2016ರಲ್ಲಿ ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ ಬಂತು, ಅದರ ನಿರೂಪಣೆ ಇವರ ಕೈಗೆ ಬಂತು. ‘ಗೌರಿ ಗಣೇಶ’ ತೆರೆಕಂಡ ಇಪ್ಪತ್ತೈದು ವರ್ಷಕ್ಕೆ! ಇಪ್ಪತ್ತೈದು ವರ್ಷ ಅಂದರೆ ಎರಡು ಸಲ ತೆಂಗಿನ ತೋಟ ಕಟ್ಟಬಹುದು. ಬೆಂಚಿನ ಮೇಲೆ ಕೂತು ಆನಂದ್ ಹೆಸರು ಹೇಳುವವರು ಈ ಲೆಕ್ಕ ಹೇಳುವುದಿಲ್ಲ.

ಆ ವೇದಿಕೆಯಲ್ಲಿ ಇನ್ನೊಂದು ಸ್ವಾರಸ್ಯವಿತ್ತು. ತೀರ್ಪುಗಾರರಾಗಿ ಟಿ.ಎನ್. ಸೀತಾರಾಂ, ಹಿರಿಯ ನಟಿ ಲಕ್ಷ್ಮಿ, ಜೊತೆಗೆ ವಿಜಯ ರಾಘವೇಂದ್ರ. ಈ ವಿಜಯ ರಾಘವೇಂದ್ರ ಯಾರು? 1993ರಲ್ಲಿ ನಾಗಾಭರಣರ ‘ಚಿನ್ನಾರಿ ಮುತ್ತ’ನಾಗಿ ಊರೂರಿನ ಮಕ್ಕಳ ಕಣ್ಣಲ್ಲಿ ನೀರು ತರಿಸಿದ ಹುಡುಗ. ಅಂದರೆ ಮೈಕು ಹಿಡಿದವರೂ ಮಾಜಿ ಬಾಲನಟ, ನಂಬರು ಕೊಡುವವರಲ್ಲೂ ಒಬ್ಬ ಮಾಜಿ ಬಾಲನಟ. ಲೈಟಿನ ಕೆಳಗೆ ನಿಂತ ಮಗುವಿನ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನೋದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರ್ಯಕ್ರಮ ಅಷ್ಟು ಚೆನ್ನಾಗಿ ಕುದುರಿದ್ದಕ್ಕೆ ಇದೂ ಒಂದು ಕಾರಣ ಅಂದರೆ ತಪ್ಪಾಗಲಾರದು.

ಮಕ್ಕಳ ನಿರೂಪಕನ ಕೆಲಸ ಸುಲಭದ್ದಲ್ಲ ಸ್ವಾಮಿ. ದೊಡ್ಡವರ ಕಾರ್ಯಕ್ರಮದಲ್ಲಿ ಮಾತು ತಪ್ಪಿದರೆ ದೊಡ್ಡವರೇ ಸರಿ ಮಾಡಿಕೊಳ್ಳುತ್ತಾರೆ. ಇಲ್ಲಿ ಆರು ವರ್ಷದ ಕೂಸು ಮಾತು ಮರೆತು ಪಿಳಿಪಿಳಿ ನೋಡಿದರೆ ಅದನ್ನು ನಗಿಸಿ, ಮಾತು ನೆನಪಿಸಿ, ಅಳುಬುರುಕನನ್ನು ಹೀರೋ ಮಾಡಿ ಕಳಿಸಬೇಕು. ಗೆದ್ದವನಿಗಿಂತ ಸೋತವನ ಹತ್ತಿರ ಎರಡು ಮಾತು ಜಾಸ್ತಿ ಆಡಬೇಕು. ತಮಾಷೆ ಮಾಡಬೇಕು, ಮಗುವನ್ನೇ ತಮಾಷೆ ಮಾಡಬಾರದು. ಈ ಗೆರೆ ಬಲು ಸಣ್ಣದು. ಆನಂದ್ ಬಹಳ ಸಲ ಅದನ್ನು ದಾಟದೆ ನಿಂತಿದ್ದಾರೆ. ಆದರೆ ಅದೇ ಕಾರ್ಯಕ್ರಮಗಳಲ್ಲಿ ಏಳು ವರ್ಷದ ಮಗುವಿನ ಬಾಯಲ್ಲಿ ಗಂಡ–ಹೆಂಡಿರ ಜಗಳ, ಕುಡುಕನ ವೇಷ ಮಾಡಿಸಿ ಚಪ್ಪಾಳೆ ಹೊಡೆಸಿದ್ದೂ ಉಂಟು. ಅದನ್ನು ಬರೆದವರು ದೊಡ್ಡವರು, ನಕ್ಕವರೂ ದೊಡ್ಡವರು. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ವಯಸ್ಸಿಗೆ ತಕ್ಕುದಲ್ಲದ ಕುಣಿತ ಮಕ್ಕಳ ಕೈಲಿ ಮಾಡಿಸಬೇಡಿ ಅಂತ ವಾಹಿನಿಗಳಿಗೆ ಬುದ್ಧಿಮಾತು ಹೇಳಬೇಕಾಯಿತು. ಹೇಳುವ ಹಾಗೆ ಮಾಡಿಕೊಂಡಿದ್ದರು ಅಂತ ತಾನೆ?

ಮಂಡ್ಯದವರಿಗೆ ಈ ಹುಚ್ಚು ಒಂದು ಕೈ ಜಾಸ್ತಿ ಆಗಲು ಕಾರಣವೂ ಇದೆ. ಆನಂದ್ ನಿರೂಪಿಸಿದ ‘ಕಾಮಿಡಿ ಕಿಲಾಡಿಗಳು’ ಮೊದಲ ಸರಣಿಯಲ್ಲಿ ಗೆದ್ದವರು ನಮ್ಮ ಕೆ.ಆರ್. ಪೇಟೆಯ ಶಿವರಾಜ್. ಅಲ್ಲಿಂದಾಚೆಗೆ ಸಿನಿಮಾದಲ್ಲೂ ಅವರಿಗೆ ಕೆಲಸ ಸಿಕ್ಕಿತು. ಜಿಲ್ಲೆಗೆ ಹೆಮ್ಮೆ, ಬೇಡ ಅಂದವರ್ಯಾರು? ಆದರೆ ಶಿವರಾಜ್ ಬೆಳೆದು ದೊಡ್ಡವರಾಗಿ, ತಮ್ಮ ಕಾಲ ಮೇಲೆ ತಾವು ಹೋದವರು. ಅಪ್ಪನ ಕೈ ಹಿಡಿದು, ಒಂದನೇ ಕ್ಲಾಸಿನ ಪುಸ್ತಕ ಬದಿಗಿಟ್ಟು ಹೋದವರಲ್ಲ.

ವಿ.ಸಿ. ಫಾರಂನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇರ್ವಿನ್ ನಾಲೆ ಬಂದ ಹೊಸದರಲ್ಲಿ, 1931ರಲ್ಲಿ ಶುರುವಾದ ಫಾರಂ ಇದು. ಬತ್ತದ ತಳಿ ತೆಗೆಯುವುದೇ ಇಲ್ಲಿನ ಕಸುಬು. ಒಟ್ಲು ಹಾಕಿ ಇಪ್ಪತ್ತು, ಇಪ್ಪತ್ತೈದು ದಿನಕ್ಕೆ ಪೈರು ಕಿತ್ತು ನಾಟಿ ಮಾಡುತ್ತಾರೆ. ಯಾವ ತಳಿಗೆ ಎಷ್ಟು ದಿನ ಅಂತ ಲೆಕ್ಕ ಉಂಟು. ಬಲಿತ ಪೈರು ನೆಟ್ಟರೆ ತೆಂಡೆ ಒಡೆಯುವುದಿಲ್ಲ ಅಂತ ಇಲ್ಲಿನ ಮೇಷ್ಟರುಗಳು ರೈತರಿಗೆ ಪಾಠ ಹೇಳುತ್ತಾರೆ. ಬತ್ತಕ್ಕೆ ಇಷ್ಟು ಲೆಕ್ಕ ಇಟ್ಟವರು ಮಗು ವಿಷಯಕ್ಕೆ ಬಂದಾಗ, “ಹೋಗ್ಲಿ ಬುಡಿ, ಟಿ.ವಿ.ಲಿ ಬತ್ತದಲ್ಲ” ಅಂತ ಯಾಕೆ ಸುಮ್ಮನಾಗುತ್ತಾರೋ!

ಲೆಕ್ಕ ಕಾನೂನಿನಲ್ಲೂ ಇದೆ. ‘ಡ್ರಾಮಾ ಜೂನಿಯರ್ಸ್’ ಶುರುವಾದ ಅದೇ 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು, 2017ರಲ್ಲಿ ನಿಯಮ ಬಂತು. ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ಬಿಡುವಿಲ್ಲದೆ ಮೂರು ಗಂಟೆ ದಾಟುವ ಹಾಗಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ದುಡಿಸುವ ಹಾಗಿಲ್ಲ. ಪಾಠ ನಿಲ್ಲಬಾರದು, ಅದಕ್ಕೆ ಏರ್ಪಾಟು ಆಗಬೇಕು. ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವವರು ಇರಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ನೂರಕ್ಕೆ 20ರಷ್ಟು ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಬೀಳಬೇಕು, ವಯಸ್ಸಿಗೆ ಬಂದ ಮೇಲೆ ಅದರ ಕೈ ಸೇರಬೇಕು. ಎಲ್ಲಕ್ಕೂ ಮೊದಲು ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ತೊಡಕು ಇರೋದು ಇಲ್ಲೇ. ಚಿತ್ರೀಕರಣ ಬೆಂಗಳೂರಿನಲ್ಲಿ, ಅನುಮತಿಯ ಕಾಗದವೂ ಅಲ್ಲೇ. ಮಗು ಮಾತ್ರ ಮದ್ದೂರಿನದೋ ಮಳವಳ್ಳಿಯದೋ ಫಾರಂ ಪಕ್ಕದ ಹಳ್ಳಿಯದೋ. ಇಲ್ಲಿನ ಕಚೇರಿಗೆ ತಿಳಿಸಬೇಕೆಂದು ಆ ನಿಯಮದಲ್ಲಿ ಇಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಬೀಳುತ್ತದೆ, ಅಷ್ಟೆ. ಅಪ್ಪ–ಅಮ್ಮನಿಗೆ ಮಗು ಟಿ.ವಿ.ಯಲ್ಲಿ ಬಂದದ್ದೇ ಸಂಭ್ರಮ. ಠೇವಣಿ ರಸೀದಿ ಕೇಳಲು ನಾಚಿಕೆ.

ಈ ನಾಚಿಕೆ ಮೇಲೆಯೇ ಕೆಲವರ ಹೊಟ್ಟೆಪಾಡು ನಡೆಯುತ್ತದೆ. 2023ರ ಜುಲೈನಲ್ಲಿ ಬೆಂಗಳೂರಲ್ಲಿ ಒಂದು ಪ್ರಕರಣ ಸುದ್ದಿಯಾಯಿತು. ಆನಂದ್ ಅವರ ಪತ್ನಿ ಮತ್ತು ಪುಟ್ಟ ಮಗಳು ತಾಯಿ–ಮಕ್ಕಳ ಸ್ಪರ್ಧೆಯೊಂದನ್ನು 2022ರಲ್ಲಿ ಗೆದ್ದು ಮನೆಮಾತಾಗಿದ್ದರು. ಆ ಮಗುವಿನ ಹೆಸರು ಹೇಳಿಕೊಂಡು, ನಿಮ್ಮ ಮಕ್ಕಳಿಗೂ ಅವಕಾಶ ಕೊಡಿಸುತ್ತೇವೆ ಅಂತ ಹೆತ್ತವರಿಂದ ಲಕ್ಷ ಲಕ್ಷ ಪಡೆದ ಆರೋಪದ ಮೇಲೆ ಒಬ್ಬರನ್ನು ಪೊಲೀಸರು ಬಂಧಿಸಿದರು. ದೂರು ಕೊಟ್ಟವರಲ್ಲಿ ಆ ಮಗುವಿನ ತಾಯಿಯೂ ಒಬ್ಬರು. ಬೆಂಗಳೂರಿನ ಓದಿದ ಜನಕ್ಕೇ ಈ ಗತಿ ಅಂದ ಮೇಲೆ, ಮಂಡ್ಯ ಸಂತೆಗೆ ಬಂದು ‘ಆಡಿಷನ್ ಫೀಜು’ ಅಂತ ಕೈ ಚಾಚುವವನ ಮುಂದೆ ಇಲ್ಲಿನವರು ಎಷ್ಟು ಹೊತ್ತು ತಡೆದಾರು? ಫೀಜು ಕೇಳಿದನೋ, ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಮಕ್ಕಳಿಗೆ ನಾಟಕ ಬೇಡ ಅಂತ ಯಾರೂ ಹೇಳುತ್ತಿಲ್ಲ. ಹಳ್ಳಿ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡುವ ಜಿಲ್ಲೆ ಇದು. ಹಾರ್ಮೋನಿಯಂ ಮೇಷ್ಟರಿಗೆ ಬರವಿಲ್ಲ. ಶಾಲೆ ವಾರ್ಷಿಕೋತ್ಸವ ಎಂದರೆ ಸಿನಿಮಾ ಹಾಡು ಹಾಕಿ ಕುಣಿಸಿ ಮುಗಿಸುವ ಬದಲು, ಅದೇ ಮೇಷ್ಟರನ್ನು ಕರೆದು ಎರಡು ತಿಂಗಳು ಮಕ್ಕಳಿಗೆ ಮಾತು ಕಲಿಸಿದರೆ ಶಾಲೆ ಗಂಟೇನೇ ಹಾರ್ಮೋನಿಯಂ ಆದೀತು. ಖರ್ಚು ಎಷ್ಟಾದೀತು? ಆಡಿಷನ್‌ಗೆಂದು ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬರುವ ಬಸ್ ಚಾರ್ಜು, ಹೋಟೆಲ್ ಊಟಕ್ಕಿಂತ ಜಾಸ್ತಿ ಆಗದು.

ಅಲ್ಲಿಯವರೆಗೆ ಜಿಲ್ಲೆಯ ಶಿಕ್ಷಣ ಇಲಾಖೆ ಒಂದು ಕೆಲಸ ಮಾಡಲಿ. ಟಿ.ವಿ. ಕಾರ್ಯಕ್ರಮಕ್ಕೆ ಅಂತ ರಜೆ ಚೀಟಿ ತಂದ ಮಗುವಿನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಮುಖ್ಯೋಪಾಧ್ಯಾಯರಿಗೆ ತಿಳಿಸಲಿ. ಎಷ್ಟು ದಿನ ಹೋಯಿತು, ಅನುಮತಿ ಪತ್ರದ ನಕಲು ಇದೆಯೇ, ಠೇವಣಿ ಆಯಿತೇ, ತಪ್ಪಿದ ಪಾಠ ಯಾರು ಹೇಳಿಕೊಟ್ಟರು, ಈ ನಾಲ್ಕು ಸಾಲು ಸಾಕು. ಆ ಪುಸ್ತಕವನ್ನು ತಿಂಗಳಿಗೊಮ್ಮೆ ಬಿ.ಇ.ಓ. ಸಾಹೇಬರು ನೋಡಿ ಸಹಿ ಹಾಕಲಿ.